ಹಲ್ಲಿನಿಂದ ಕೇಳಿದ್ದು

ಪುತ್ತರಿ ಮುಗಿದು ಹದಿನೈದು ದಿನ.
ಬೆಳಗಿನ ಜಾವ ಢಬ್ ಎಂದಾಗ
ಯಾರೋ ಕೋವಿಯಲ್ಲಿ ಉಳಿದುಹೋದ ಒಂದು ತೋಟಾವನ್ನು
ಈಗ ಹಾರಿಸಿದರು ಅಂದುಕೊಂಡು
ಮಗ್ಗುಲು ಬದಲಿಸಿದೆ.
ಮತ್ತೆ ಢಬ್.
ಗೋಡೆಯ ಆಚೆ, ಬಚ್ಚಲಿನಿಂದ.

ಐದಕ್ಕೆ ಎದ್ದು ಕಾಫಿ ಸೌದೆ ತುರುಕಿ
ಬಾಯ್ಲರಿಗೆ ಬೆಂಕಿ ಹಾಕಿ
ಮತ್ತೆ ಕಂಬಳಿಯೊಳಗೆ ನುಸುಳುವುದು ನನ್ನ ರೂಢಿ.
ಮಡಿಕೇರಿಯ ಡಿಸೆಂಬರಿನಲ್ಲಿ ಆ ಅರ್ಧ ಗಂಟೆ
ಅಂಚೆ ಇಲಾಖೆ ಕೊಡದ ರಜೆ.

ವಾರದಲ್ಲಿ ಒಂದು ಪಟ್ಟಿಯೇ ಆಯಿತು,
ಹಳೇ ಮನಿಯಾರ್ಡರ್ ಫಾರಮ್ಮಿನ ಹಿಂಬದಿಯಲ್ಲಿ:
ಸೋಮವಾರ ಗುಳುಗುಳು, ಮಗು ಬಾಯಿ ಮುಕ್ಕಳಿಸಿದ ಹಾಗೆ.
ಮಂಗಳವಾರ ಸುಂಯ್ ಎಂಬ ಸಣ್ಣ ಸಿಳ್ಳೆ,
ಹಾಲಿನವನದಲ್ಲ, ಅವನು ಬರುವುದು ಆರೂವರೆಗೆ.
ಬುಧವಾರ ನಲ್ಲಿ ನಿಲ್ಲಿಸಿದ್ದೇ ಢಣ್.
ಗುರುವಾರ ಬೆಂಕಿ ಆರಿದ ಮೇಲೆ ಟಿಕ್, ಟಿಕ್,
ಗಡಿಯಾರಕ್ಕಿಂತ ನಿಧಾನ, ಯಾರದೋ ಬಾಕಿ ಲೆಕ್ಕ.

ಮನೆಯೊಡತಿ ದೇಚಮ್ಮ ಕೆಳಗಿನಿಂದ ಕೂಗಿದರು:
"ತಾಮ್ರಕ್ಕೂ ವಯಸ್ಸಾಯ್ತು. ಗೊಣಗಲಿ ಬಿಡಿ."

ಶನಿವಾರ ಮೇದಪ್ಪ ಬಂದ.
ಕಾಫಿ ಕ್ಯೂರಿಂಗಿನ ಯಂತ್ರದ ಪಕ್ಕ ಇಪ್ಪತ್ತೆರಡು ವರ್ಷ ನಿಂತು
ಎರಡೂ ಕಿವಿ ಅಲ್ಲೇ ಬಿಟ್ಟು ಬಂದವನು.
ಸದ್ದು ಕೇಳಿಸೋಣವೆಂದು ಕರೆಸಿದ್ದು ಕಿವುಡನನ್ನು!
ಪಟ್ಟಿ ಕೊಟ್ಟೆ. ಓದಿದ, ಮಡಚಿ ಜೇಬಿಗಿಟ್ಟ.
ಬೆಂಕಿ ಹಾಕಿಸಿದ.
ಉದ್ದದ ಸ್ಕ್ರೂಡ್ರೈವರಿನ ತುದಿ ತಾಮ್ರದ ಹೊಟ್ಟೆಗಿಟ್ಟು
ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ
ಕಣ್ಣು ಮುಚ್ಚಿದ.

ಆಮೇಲೆ, ಕೇಳಿಸದವರ ಆ ದೊಡ್ಡ ದನಿಯಲ್ಲಿ:
"ಗುಳುಗುಳು ಅನ್ನೋದು ಗಾಳಿ. ಟ್ಯಾಂಕು ಖಾಲಿಯಾದಾಗ ಹೊಕ್ಕಿದೆ,
ದಾರಿ ಸಿಗದೆ ಅಲ್ಲೇ ಅಲೀತಿದೆ, ಪಾಪದ್ದು.
ಢಣ್ ಅನ್ನೋದು ನೀರು. ಓಡೋದನ್ನ ಗಪ್ಪನೆ ತಡೆದ್ರೆ
ನೀವೂ ಗೋಡೆಗೆ ಹಾಯ್ತೀರಿ. ಪೈಪಿನ ಕ್ಲಾಂಪು ಸಡಿಲ.
ಢಬ್ ಅನ್ನೋದು ತಳದಲ್ಲಿ ಕೂತ ಬೋರಿನ ಕೆಂಪು ಕೆಸರು,
ಅಡಿಗೆ ಸಿಕ್ಕಿಬಿದ್ದ ಆವಿ ಒದೀತಿದೆ.
ಟಿಕ್ ಟಿಕ್ ಏನೂ ಅಲ್ಲ. ತಣ್ಣಗಾಗ್ತಾ
ತಾಮ್ರ ತನ್ನ ಅಳತೆಗೆ ವಾಪಸ್ ಹೋಗ್ತದೆ.
ಅದಕ್ಕೆ ದುಡ್ಡು ತಗೊಳ್ಳಲ್ಲ.
ಸಿಳ್ಳೆ?"

ಸಿಳ್ಳೆ ನಿನ್ನೆಯಿಂದ ಇಲ್ಲ ಎಂದು
ಕೈಯಾಡಿಸಿ ತೋರಿಸಿದೆ, ಒಳ್ಳೆ ಸುದ್ದಿಯಂತೆ.

ಮೇದಪ್ಪ ಉರಿಯುವ ಸೌದೆಗಳನ್ನು
ಒಂದೊಂದೇ ಎಳೆದು ಅಂಗಳಕ್ಕೆ ಎಸೆದ.
ಮಾತಿಲ್ಲ.
ಎಲ್ಲ ಆರಿದ ಮೇಲೆ ಸ್ಟೂಲು ಹತ್ತಿ
ಆವಿಯ ಕೊಳವೆ ಬಿಚ್ಚಿ ಕೊಡವಿದ. ಬಿತ್ತು,
ಬಾಗಿನಲ್ಲಿ ಜಾರಿ ಕೂತಿದ್ದ ಕುಂಬಾರ ಹುಳುವಿನ ಹಳೇ ಗೂಡು,
ಮಣ್ಣಿನದು, ನುಣುಪು,
ಒಡೆದರೆ ಒಳಗೊಂದು ಒಣಗಿದ ಜೇಡ.
ಮೊನ್ನೆಯವರೆಗೆ ಕೂದಲೆಳೆಯಷ್ಟು ಸಂದಿ ಇತ್ತಂತೆ.
ಅದರಲ್ಲೇ ಉಸಿರಾಡುತ್ತ
ಸಿಳ್ಳೆ ಹಾಕಿ ಕರೆಯುತ್ತಿತ್ತಂತೆ ನನ್ನನ್ನು.

ಕೈ ತೊಳೆಯುವಾಗ ಒಂದನ್ನು ಮಾತ್ರ ಮೆಲ್ಲಗೆ ಹೇಳಿದ:
"ನಮ್ಮದು ಮಕ್ಕಂದೂರಿನಿಂದ ಆಚೆ.
ಗುಡ್ಡ ಜಾರಿದ ವರ್ಷ ಮೂರು ದಿನ ನೆಲದೊಳಗೆ ಗುಡುಗುಡು.
ಲಾರಿ ಅಂದ್ರು. ಗುಡುಗು ಅಂದ್ರು.
ನನಗೆ ಅಂಗಾಲಿಗೆ ಗೊತ್ತಾಗ್ತಿತ್ತು.
ನಾಲ್ಕನೇ ದಿನ ಅಂಗಾಲಿಗೂ ಏನಿಲ್ಲ.
ಆಗ ದನ ಬಿಚ್ಚಿದೆ. ಅವಳನ್ನ ಎಬ್ಬಿಸಿದೆ."
ಟವೆಲು ಕೊಟ್ಟೆ.
ಅವನು ಮುಂದೆ ಹೇಳಲಿಲ್ಲ, ನಾನು ಕೇಳಲಿಲ್ಲ.
ಮುನ್ನೂರೈವತ್ತು ತಗೊಂಡ. ಪಟ್ಟಿ ಅವನ ಜೇಬಿನಲ್ಲೇ ಹೋಯಿತು.

ಈಗ ಐದಕ್ಕೆ ಎದ್ದರೆ ಕಂಬಳಿಗೆ ಮರಳುವುದಿಲ್ಲ.
ಒಲೆಯ ಬಾಯಿಗೆ ಮಣೆ ಹಾಕಿ ಕೂರುತ್ತೇನೆ.
ಇವತ್ತು ಮರದ ಸೌಟೊಂದನ್ನು ತಾಮ್ರಕ್ಕಾನಿಸಿ
ಹಿಡಿ ಕಚ್ಚಿ ನೋಡಿದೆ.
ಮೊದಲು ನನ್ನದೇ ನಾಡಿ, ಜೋರಾಗಿ, ನಾಚಿಕೆಯಾಗುವಷ್ಟು.
ಅದು ಸರಿದ ಮೇಲೆ, ಬಹಳ ಕೆಳಗೆ,
ಅಕ್ಕಿ ಆರಿಸಿದಂಥ ಸದ್ದು.

ಬಚ್ಚಲ ಕಿಟಕಿಯಲ್ಲಿ ದೇಚಮ್ಮ, ತಲೆಗೆ ಮಫ್ಲರ್ ಸುತ್ತಿಕೊಂಡು.
ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ.
"ಏನಂತೆ?"
ಸೌಟು ಬಾಯಿಂದ ತೆಗೆದು
"ಇನ್ನೂ ಹತ್ತು ನಿಮಿಷವಂತೆ" ಅಂದೆ.